ಅವ್ವನ ಕ್ರೋಶಾ ಕಡ್ಡಿ ಮತ್ತ ಪುರುಸೊತ್ತಿನ ಲೆಕ್ಕ

ಹೋದ ದೀಪಾವಳಿಗೆ ಹಾನಗಲ್ಲಿಗೆ ತವರಿಗೆ ಹೋಗಿದ್ದೆ. ಹಬ್ಬಕ್ಕಿಂತ ಮನಿ ಖಾಲಿ ಮಾಡೂ ಕೆಲಸನ ದೊಡ್ಡದಿತ್ತು. ಹಳೇ ಹಂಚಿನ ಮನಿ ಕೆಡವಿ ತಮ್ಮ ಹೊಸಾದು ಕಟ್ಟಿಸೂವ. ಅಟ್ಟದ ಮ್ಯಾಲಿನ ಟ್ರಂಕು ಇಳಿಸಿ, ಇಡೂದು ಒಂದು ಕಡೆ, ಪಾತ್ರಿ ಮಾರಾಕ ಬರೂ ಹೆಣ್ಮಗಳಿಗೆ ಕೊಡೂದು ಒಂದು ಕಡೆ ಅಂತ ವಿಂಗಡಿಸಾಕ ಕುಂತ್ವಿ. ತಮ್ಮನ ಹೆಂಡ್ತಿ ಒಂದು ಗಂಟು ಬಿಚ್ಚಿದ್ಲು. ಒಳಗ ಅವ್ವ ಹೆಣದಿದ್ದ ಬಾಗಿಲ ತೋರಣ, ರೇಡಿಯೋದ ಹೊದಿಕಿ, ತಾಟಿನ ಮ್ಯಾಲೆ ಮುಚ್ಚೂ ಜಾಳಗಿ ರುಮಾಲು, ಕೂಸಿನ ಎರಡು ಟೊಪಗಿ. ಎಲ್ಲಾದಕ್ಕೂ ಕೆಳಗ ಅರ್ಧಕ್ಕ ನಿಂತ ಒಂದು ಟೇಬಲ್ ಹೊದಿಕಿ, ಕಡ್ಡಿ ಅದರಾಗನ ಚುಚ್ಚಿಟ್ಟಿತ್ತು.

"ಅಕ್ಕಾರ, ಇವು ಹಳದಿ ಆಗ್ಯಾವು. ಇಂಥಾವು ಹುಬ್ಬಳ್ಳ್ಯಾಗ ಇನ್ನೂರು ರೂಪಾಯಿಗೆ ಮಶೀನಿಂದು ಸಿಗ್ತಾವು. ಕೊಟ್ಟುಬಿಡೂಣೇನ್ರಿ?" ಅಂದ್ಲು. ಆಕಿದೇನೂ ತಪ್ಪಿಲ್ಲ. ಆಕಿ ಮದಿವ್ಯಾಗಿ ಬರೂ ಹೊತ್ತಿಗೆ ಅವ್ವನ ಕಣ್ಣು ಮಂಜಾಗಿ ಹೆಣಿಕಿ ಬಿಟ್ಟಾಗಿತ್ತು. "ಬ್ಯಾಡ, ನಾ ಒಯ್ತೀನಿ" ಅಂದೆ. ಯಾಕ ಅಂತ ಕೇಳಿದ್ರ ಹೇಳಾಕ ನನಗ ಬಾಯಿ ಬರಲಿಲ್ಲ.

ಬಾಯಿ ಬರದಿದ್ದಕ್ಕ ಕಾರಣ ಐತಿ, ಅದನ್ನ ಆಮ್ಯಾಲೆ ಹೇಳ್ತೀನಿ. ಶಿಗ್ಗಾವಿಗೆ ಬಂದ ಮ್ಯಾಲೆ ಕಾಲೇಜಿನಾಗ ಓದೂ ಅಕ್ಕನ ಮಗಳ ಕಡಿಂದ ಪುಸ್ತಕ ತರಿಸಿಕೊಂಡೆ, ಇಂಗ್ಲಿಷಿನಾಗ ಇದ್ದದ್ದನ್ನ ಆಕಿ ಓದಿ ಹೇಳಿದ್ಲು. ಹಂಗ ತಿಳಕೊಂಡಿದ್ದನ್ನ ನಿಮಗೂ ಹೇಳೂಣು ಅಂತ ಕುಂತೀನಿ. ನಿಮ್ಮ ಟ್ರಂಕಿನಾಗೂ ಇಂಥಾ ಗಂಟು ಇದ್ದ ಇರ್ತಾವು.

ಮೊದಲನೇ ಮಾತು ಆ ಮಶೀನಿಂದು. ನೇಯೂದಕ್ಕ ಮಗ್ಗ ಬಂತು, ಆಮ್ಯಾಲೆ ಗಿರಣಿ ಬಂತು. ಎರಡು ಸೂಜಿಯ ಸ್ವೆಟರ್ ಹೆಣಿಕಿಗೆ 1589ರಷ್ಟು ಹಿಂದನ ಇಂಗ್ಲೆಂಡಿನಾಗ ವಿಲಿಯಂ ಲೀ ಅನ್ನಾವ ಯಂತ್ರ ಮಾಡಿದ್ದ. ಆದ್ರ ಕ್ರೋಶಾಕ್ಕ ಇವತ್ತಿಗೂ ಅಂಥಾ ಯಂತ್ರ ಬಂದಿಲ್ಲ. ಸ್ವೆಟರಿನಾಗ ಒಂದು ಸಾಲಿನ ಎಲ್ಲಾ ಕುಣಿಕಿ ಸೂಜಿ ಮ್ಯಾಲೆ ಸಾಲಾಗಿ ನಿಂತಿರ್ತಾವು, ಯಂತ್ರಕ್ಕ ಅದು ಸುಲಭ. ಕ್ರೋಶಾದಾಗ ಕಡ್ಡಿ ಮ್ಯಾಲೆ ಜೀವಂತ ಇರೂದು ಒಂದ ಕುಣಿಕಿ. ಒಂದು ಕಂಬ ಪೂರಾ ಮುಗಿಸಿನ ಮುಂದಿನದಕ್ಕ ಹೋಗಬೇಕು. ಕಡ್ಡಿ ಎಲ್ಲಿ ಚುಚ್ಚಬೇಕು, ದಾರ ಎಷ್ಟು ಬಿಗಿ ಹಿಡೀಬೇಕು ಅನ್ನೂದನ್ನ ಬೆರಳು ಪ್ರತಿ ಸಲ ನೋಡಿ ಮಾಡಬೇಕು. ಅಂಗಡ್ಯಾಗ ಕ್ರೋಶಾದಂಗ ಕಾಣೂ ಯಂತ್ರದ ಲೇಸು ಇರ್ತೈತಿ, ಅದರ ಕಟ್ಟೂ ರೀತಿನ ಬ್ಯಾರೆ. ಖರೇ ಕ್ರೋಶಾ ಆಗಿದ್ರ ಕಟ್ಟಕಡೀ ಗಂಟು ಬಿಚ್ಚಿ ದಾರ ಎಳದ್ರ, ಕಂಬದ ಮ್ಯಾಲೆ ಕಂಬ ಸರಸರ ಬಿಚ್ಚಿಕೋತ ಬರ್ತಾವು. ಅಂದ್ರ ಇನ್ನೂರು ರೂಪಾಯಿದ್ದು ಖರೇ ಕ್ರೋಶಾ ಆಗಿದ್ರ ಅದನ್ನ ಎಲ್ಲ್ಯೋ ಒಬ್ಬಾಕಿ ಹೆಣ್ಮಗಳು ಕೈಲೆ ಹೆಣದಾಳ. ಆಕಿಗೆ ಎಷ್ಟು ಸಿಕ್ಕಿರಬೇಕು?

ಈ ಕೆಲಸ ಹುಟ್ಟಿದ ಕಡೆ ಸೈತ ಇದ ಪ್ರಶ್ನೆ ಇತ್ತು. ಕ್ರೋಶಾ ಅನ್ನೂದು ಫ್ರೆಂಚ್ ಮಾತಿನಿಂದ ಬಂದದ್ದು, ಕೊಕ್ಕಿ ಅಂತ ಅರ್ಥ. ಯುರೋಪಿನಾಗ ಹತ್ತೊಂಬತ್ತನೇ ಶತಮಾನದ ಮೊದಲಿಗೆ ಇದು ಶ್ರೀಮಂತರ ಮನಿ ಹೆಣ್ಮಕ್ಕಳ ಹವ್ಯಾಸ ಆಗಿತ್ತು. ಬಡವರ ಹೊಟ್ಟಿಗೆ ಇದು ಬಿದ್ದದ್ದು ಐರ್ಲೆಂಡಿನಾಗ. 1845ರಾಗ ಅಲ್ಲಿ ಆಲೂಗಡ್ಡಿಗೆ ರೋಗ ಬಂತು. ಬಡವರ ಊಟ ಅಂದ್ರ ಆಲೂಗಡ್ಡಿನ, ನಮ್ಮಲ್ಲೆ ಜ್ವಾಳ ಇದ್ದಂಗ. ಹೊಲದಾಗಿನ ಗಡ್ಡಿ ಕೊಳತು ಹೋಗಿ ಮುಂದಿನ ಆರೇಳು ವರ್ಷದಾಗ ಸುಮಾರು ಹತ್ತು ಲಕ್ಷ ಮಂದಿ ಸತ್ರು, ಅದಕ್ಕೂ ಹೆಚ್ಚು ಮಂದಿ ದೇಶ ಬಿಟ್ಟು ಹೋದ್ರು. ಆವಾಗ ಕಾರ್ಕ್ ಕಡೆ ಕಾನ್ವೆಂಟಿನ ಸನ್ಯಾಸಿನಿಯರು ಹುಡುಗ್ಯಾರಿಗೆ ಕ್ರೋಶಾ ಕಲಿಸಿದ್ರು. ಕ್ಲೋನ್ಸ್ ಅನ್ನೂ ಊರಾಗ ಕಸಾಂಡ್ರಾ ಹ್ಯಾಂಡ್ ಅನ್ನೂ ಪಾದ್ರಿಯ ಹೆಂಡ್ತಿ 1847ರ ಹೊತ್ತಿಗೆ ಇದನ್ನ ಶುರು ಮಾಡಿಸಿದ್ಲು. ರಿಯೇಗೊ ಅನ್ನೂ ಹೆಣ್ಮಗಳು ಡಿಝೈನಿನ ಪುಸ್ತಕ ಅಚ್ಚು ಹಾಕಿಸಿದ್ಲು. ಒಬ್ಬಾಕಿ ಗುಲಾಬಿ ಹೂವು ಹೆಣದ್ರ ಇನ್ನೊಬ್ಬಾಕಿ ಎಲಿ, ಮತ್ತೊಬ್ಬಾಕಿ ಎಲ್ಲಾ ಕೂಡಿಸಿ ಕಾಲರ್ ಮಾಡೂದು. ಆ ಕಾಲರ್ ಲಂಡನ್, ಪ್ಯಾರಿಸ್ಸಿನ ದೊಡ್ಡ ಮನಿ ಹೆಣ್ಮಕ್ಕಳ ಕೊಳ್ಳಾಗ ಹೋತು. ಇದರಿಂದ ಎಷ್ಟೋ ಮನಿ ಒಲಿ ಹತ್ತಿತು. ಮನಿಗೆ ರೊಕ್ಕ ತಂದಾಕಿ ಮಗಳು ಇಲ್ಲಾ ತಾಯಿ.

ನಮ್ಮ ದೇಶಕ್ಕ ಈ ಸೂಜಿ, ಕಡ್ಡಿ, ಲೇಸಿನ ಕೆಲಸ ಬಂದದ್ದು ಬಹಳ ಮಟ್ಟಿಗೆ ಮಿಶನರಿ ಹೆಣ್ಮಕ್ಕಳ ಕೈ ಹಿಡಕೊಂಡು. ದಕ್ಷಿಣದ ತುದಿಯ ನಾಗರಕೋಯಿಲ್ಲಿಗೆ 1819ರಾಗ ಬಂದ ಮಾರ್ಥಾ ಮಾಲ್ಟ್ ಲೇಸು ಕಲಿಸೂ ಸಾಲಿ ತಗದ್ಲು. ಅದು ಕ್ರೋಶಾ ಅಲ್ಲ, ದಿಂಬಿನ ಮ್ಯಾಲೆ ಸಣ್ಣ ಕೋಲಿಗೆ ದಾರ ಸುತ್ತಿ ಹೆಣಿಯೂ ಲೇಸು. ಆಂಧ್ರದ ಗೋದಾವರಿ ಸೀಮಿಯ ನರಸಾಪುರದಾಗ ಸ್ಕಾಟ್ಲೆಂಡಿನ ಮಿಶನರಿಗಳು ಕ್ರೋಶಾನ ಕಲಿಸಿದ್ರು. ನಮ್ಮ ಧಾರವಾಡ ಸೀಮಿಗೆ ಬಾಸೆಲ್ ಮಿಶನ್ ಬಂತು. 1834ರಾಗ ಮಂಗಳೂರಿಗೆ ಇಳದವರು 1837ಕ್ಕ ಧಾರವಾಡ, 1839ಕ್ಕ ಹುಬ್ಬಳ್ಳಿ, 1841ಕ್ಕ ಬೆಟಗೇರಿ ತನಕ ಬಂದಿದ್ರು. ಪಾದ್ರಿಗಳ ಹೆಂಡಂದಿರು ನಡೆಸಿದ ಹುಡುಗ್ಯಾರ ಸಾಲ್ಯಾಗ ಓದು ಬರಹದ ಜೋಡಿ ಹೊಲಿಗಿ, ಸೂಜಿ ಕೆಲಸನೂ ಪಾಠ ಆಗಿತ್ತು.

ಹಂಗಂತ ನಮ್ಮ ಕೈ ಖಾಲಿ ಇರಲಿಲ್ಲ. ಇಳಕಲ್ಲ ಸೀರಿ ಮ್ಯಾಲೆ ಕಸೂತಿ ಹಾಕೂವಾಗ ಬಟ್ಟಿಯ ಎಳಿ ಎಣಿಸಿ ಗೋಪುರ, ತೇರು, ತುಳಸಿಕಟ್ಟಿ ಕೂಡ್ರಸ್ತಿದ್ವಿ. ಎಳಿ ಎಣಿಸೂದು ಬಂದ ಕೈಗೆ ಕಂಬ ಎಣಿಸೂದು ಎಷ್ಟರದು? ಅವ್ವ ಕ್ರೋಶಾದಾಗೂ ತೇರು ಮಾಡ್ತಿದ್ಲು. ತುಂಬಿದ ಚೌಕ, ಖಾಲಿ ಚೌಕ ಅಂತ ಲೆಕ್ಕದ ವಹ್ಯಾಗ ಗೀರು ಹಾಕಿಕೊಂಡು, ನಮ್ಮೂರ ತಾರಕೇಶ್ವರ ಗುಡಿಯ ಕಮಲದ ಹೂವನ್ನೂ ಆ ಚೌಕದಾಗ ಇಳಿಸಿದ್ಲು.

ಇನ್ನ ದಾರದ ಕಥಿ. ಇದನ್ನ ಓದಿದಾಗ ನನಗ ನಗಿನೂ ಬಂತು, ಸಿಟ್ಟೂ ಬಂತು. 1840ರ ದಶಕದಾಗ ಬ್ರಿಟಿಷರು ಅಮೆರಿಕಾದ ಹತ್ತಿ ಬೀಜ ತರಿಸಿ ಧಾರವಾಡ ಜಿಲ್ಲಾದ ಎರಿ ಹೊಲದಾಗ ಬಿತ್ತಿಸಿದ್ರು, 'ಧಾರವಾಡ-ಅಮೆರಿಕನ್' ಅಂತನ ಆ ಹತ್ತಿಗೆ ಹೆಸರು ಬಿತ್ತು. ಹಾನಗಲ್ಲ, ಶಿಗ್ಗಾವಿ, ಹಿರೇಕೆರೂರ ಆವಾಗ ಧಾರವಾಡ ಜಿಲ್ಲಾದಾಗನ ಇದ್ವು, ಸವಣೂರಿಗೆ ನವಾಬರಿದ್ರು. 1861ರಿಂದ 1865ರ ತನಕ ಅಮೆರಿಕಾದವರು ತಮ್ಮ ತಮ್ಮೊಳಗ ಯುದ್ಧ ಹೂಡಿದಾಗ ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿ ನಿಂತು, ನಮ್ಮ ಹತ್ತಿಗೆ ಬಂಗಾರದ ದರ ಬಂತು. ಅಂಡಿಗಿ ಅಂಡಿಗಿ ಹತ್ತಿ ಹಡಗು ಹತ್ತಿತು. ಅತ್ತ 1844ರಾಗ ಜಾನ್ ಮರ್ಸರ್ ಅನ್ನಾವ ಹತ್ತಿಯನ್ನ ಕಾಸ್ಟಿಕ್ ಸೋಡಾದಾಗ ಅದ್ದಿ ಗಟ್ಟಿ ಮಾಡೂ ವಿದ್ಯಾ ಕಂಡುಹಿಡದ. 1890ರಾಗ ಹೊರೇಸ್ ಲೋ ಅನ್ನಾವ, ಅದನ್ನ ಜಗ್ಗಿ ಹಿಡದು ಅದ್ದಿದ್ರ ರೇಶ್ಮಿಯಂಗ ಹೊಳಪು ಬರ್ತೈತಿ ಅಂತ ತೋರಿಸಿದ. ಕ್ರೋಶಾ ದಾರದ ಚೀಟಿ ಮ್ಯಾಲೆ 'ಮರ್ಸರೈಸ್ಡ್' ಅಂತ ಇರ್ತೈತಲ್ಲ, ಅದು ಆ ಮರ್ಸರನ ಹೆಸರು. ಸ್ಕಾಟ್ಲೆಂಡಿನ ಪೇಸ್ಲಿ ಅನ್ನೂ ಊರಿನ ಕೋಟ್ಸ್ ಕಂಪನಿಯಂಥಾವರ ದಾರ ಜಗತ್ತೆಲ್ಲಾ ತಿರುಗಿತು, ನಮ್ಮಲ್ಲಿಗೂ ಬಂತು. ಹತ್ತಿ ಬೆಳದು ಕಳಿಸಿದವರು ನಾವು, ಉಂಡಿ ದಾರಕ್ಕ ರೊಕ್ಕ ಎಣಿಸಿದವರೂ ನಾವ.

ಮುಂದ 1972ರಾಗ ನಮ್ಮ ಧಾರವಾಡದಾಗನ ಡಾ. ಬಿ.ಎಚ್. ಕಟಗಿಹಳ್ಳಿಮಠ ಅಲ್ಲ, ಡಾ. ಬಿ.ಎಚ್. ಕಟಾರ್ಕಿ ಅವರು (ಹೆಸರು ನನ್ನ ಬಾಯಾಗ ಯಾವಾಗಲೂ ತಪ್ಪತೈತಿ) ವರಲಕ್ಷ್ಮಿ ಹತ್ತಿ ತಂದ್ರು. ಎರಡು ಬ್ಯಾರೆ ಬ್ಯಾರೆ ಜಾತಿ ಹತ್ತಿ ಕೂಡಿಸಿ ಮಾಡಿದ ಉದ್ದ ಎಳಿಯ ತಳಿ ಅದು. ಎಳಿ ಉದ್ದ ಇದ್ದಷ್ಟೂ ಸಣ್ಣ ದಾರ ತಗೀಬಹುದು. ಆದ್ರ ಆ ಬೀಜ ಆಗಬೇಕಂದ್ರ ಒಂದೊಂದು ಹೂವಿನ ಗಂಡುಭಾಗ ಉಗುರಿನಿಂದ ಕಿತ್ತು, ಮರುದಿನ ಇನ್ನೊಂದು ಹೂವಿನ ಪರಾಗ ಮುಟ್ಟಿಸಬೇಕು. ಹಿರೇಕೆರೂರ, ರಾಣೆಬೆನ್ನೂರ ಕಡೆ ಬೀಜದ ಹೊಲಕ್ಕ 'ಕ್ರಾಸಿಂಗ್' ಮಾಡಾಕ ಹೋಗೂ ಹೆಣ್ಮಕ್ಕಳನ್ನ ನೀವು ನೋಡೀರಿ. ಬೀಜದ ಹೂವಿಗೂ ಹೆಣ್ಣಿನ ಬೆರಳು, ಹೆಣಿಕಿಯ ಹೂವಿಗೂ ಹೆಣ್ಣಿನ ಬೆರಳು.

ಅವ್ವ ಕಲತದ್ದು ಸ್ವಾತಂತ್ರ್ಯ ಬಂದ ಮ್ಯಾಲೆ. 1952ರಾಗ ಸಮುದಾಯ ಅಭಿವೃದ್ಧಿ ಯೋಜನೆ ಶುರುವಾತು, 1953ರಾಗ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಾಗ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಆತು. ಊರೂರಿಗೆ ಮಹಿಳಾ ಮಂಡಳ ಬಂದ್ವು. ಹೊಲಿಗಿ, ಹೆಣಿಕಿ ಕಲಿಸೂ ಅಕ್ಕೋರು ಬಂದ್ರು. 1956ರ ನವೆಂಬರ್ 1ಕ್ಕ ನಾವು ಮುಂಬೈ ರಾಜ್ಯ ಬಿಟ್ಟು ಮೈಸೂರ ರಾಜ್ಯಕ್ಕ ಸೇರಿದ್ರೂ ಅವ್ವನ ಹೆಣಿಕ್ಯಾಗ ಮರಾಠಿ ಉಳದಿತ್ತು. ಸರಪಳಿಗೆ ಆಕಿ 'ಸಾಖಳಿ' ಅಂತಿದ್ಲು, ಕಂಬಕ್ಕ 'ಖಾಂಬ' ಅಂತಿದ್ಲು. "ಐದು ಸಾಖಳಿ, ಮೂರು ಖಾಂಬ, ತಿರುಗು" ಅನಕೋತ ಕಟ್ಟಿ ಮ್ಯಾಲೆ ಕುಂಡ್ರಾಕಿ. ದಾರ 20 ನಂಬರಿಂದು. ನಂಬರ್ ಏರಿದಷ್ಟೂ ದಾರ ಸಣ್ಣ.

ಸವಣೂರಾಗ ನಮ್ಮ ಅಬಚಿ ಮನಿ ಬಾಜೂಕ ಒಬ್ಬಾಕಿ ಚಾಚಿ ಇದ್ಲು. ಆಕಿ ಹೆಣಿಯೂದು ನಮಾಜಿನ ಟೊಪಗಿ. ನೆತ್ತಿ ಮ್ಯಾಲೆ ಸಣ್ಣ ಉಂಗುರದಿಂದ ಶುರು ಮಾಡಿ, ಸಾಲಿಗೊಂದಿಷ್ಟು ಕಂಬ ಹೆಚ್ಚಿಸಿಕೋತ ಚಕ್ರ ಮಾಡಿ, ತಲಿ ಅಗಲ ಬಂದ ಕೂಡ್ಲೆ ಹೆಚ್ಚಿಸೂದು ನಿಲ್ಲಿಸಿದ್ರ ಅದು ತಾನ ಕೆಳಗ ಮಡಚಿ ಟೊಪಗಿ ಆಗ್ತಿತ್ತು. ನಮ್ಮ ತಾಟಿನ ರುಮಾಲಿಗೂ ಅದ ಉಂಗುರ, ಅದ ಲೆಕ್ಕ. ಅವ್ವ, ಚಾಚಿ ಇಬ್ಬರೂ ಕಡ್ಡಿ ಅದಲಿ ಬದಲಿ ಮಾಡಿಕೋತಿದ್ರು, ಡಿಝೈನು ಬಾಯಿಲೆ ಹೇಳಿಕೋತಿದ್ರು. ಈದ್ ಬಂದ್ರ ಚಾಚಿ ಮನಿಂದ ಸುರಕುಂಬಾ, ಯುಗಾದಿಗೆ ನಮ್ಮ ಮನಿಂದ ಹೋಳಿಗಿ.

ಇವನ್ನೆಲ್ಲಾ ಮಾರತಿದ್ದಿಲ್ಲ, ಕೊಡತಿದ್ರು. ಕುಬಸದ ಬಸರಿಗೆ, ತೊಟ್ಟಿಲ ಕಾರ್ಯದ ಕೂಸಿಗೆ ಟೊಪಗಿ, ಹೊಸ ಮನಿಗೆ ತೋರಣ, ಮದಿವ್ಯಾದ ಮಗಳ ಟ್ರಂಕಿಗೆ ಹಾಸಿಗಿ ಹೊದಿಕಿ. ರೇಡಿಯೋ ಬಂದ್ರ ರೇಡಿಯೋಕ್ಕ ಅಂಗಿ, ಟಿ.ವಿ. ಬಂದ್ರ ಟಿ.ವಿ.ಗೆ ಅಂಗಿ. ಹಿರೇಕೆರೂರಿಗೆ ಕೊಟ್ಟ ನಮ್ಮಕ್ಕಗ ಒಂದು, ಶಿಗ್ಗಾವಿಗೆ ಬಂದ ನನಗ ಒಂದು ದೊಡ್ಡ ಹೊದಿಕಿ ಹೆಣದು ಕೊಟ್ಟಿದ್ಲು.

ಬಾಯಿ ಬರಲಿಲ್ಲ ಅಂದೆನಲ್ಲ, ಅದು ಈ ಹೊದಿಕಿ ಸಲುವಾಗಿ. ಮದಿವ್ಯಾಗಿ ಏಳೆಂಟು ವರ್ಷಕ್ಕ ಅದರ ಒಂದು ಮೂಲಿ ಹರೀತು. ಪಾತ್ರಿ ಮಾರೂ ಹೆಣ್ಮಗಳು ಬಾಗಿಲಿಗೆ ಬಂದಿದ್ಲು. ಎರಡು ಹಳೇ ಸೀರಿ, ಒಂದು ಪ್ಯಾಂಟು, ಮ್ಯಾಲೆ ಆ ಹೊದಿಕಿ ಕೊಟ್ಟು ಒಂದು ಸ್ಟೀಲ್ ಡಬರಿ ತಗೊಂಡೆ. ಮುಂದಿನ ತಿಂಗಳು ಅವ್ವ ಬಂದಾಗ ಹಾಸಿಗಿ ನೋಡಿದ್ಲು, ಕೇಳಿದ್ಲು, ಹೇಳಿದೆ. "ಡಬರಿ ದಪ್ಪಂದೈತೇನು?" ಅಂತ ಅಷ್ಟ ಕೇಳಿದ್ಲು. ನಾ ಹೌದು ಅಂದೆ. ಆ ಮಾತು ಮತ್ತ ಎತ್ತಲಿಲ್ಲ. ಡಬರಿ ಇನ್ನೂ ನಮ್ಮ ಅಡಗಿ ಮನ್ಯಾಗ ಐತಿ. ತಮ್ಮನ ಹೆಂಡ್ತಿಗೆ ನಾ ಯಾವ ಬಾಯಿಲೆ ಬುದ್ಧಿ ಹೇಳಲಿ?

ನಾ ಯಾಕ ಹಂಗ ಮಾಡಿದೆ ಅಂದ್ರ, ಅವ್ವನ ಆ ಕೆಲಸವನ್ನ ನಾವೆಲ್ಲಾ 'ಪುರುಸೊತ್ತಿನ ಕೆಲಸ' ಅಂತಿದ್ವಿ. ಅಪ್ಪ ಅನ್ನಾವ, ಅಜ್ಜಿ ಅನ್ನಾಕಿ, ಅವ್ವ ತಾನೂ ಅನ್ನಾಕಿ. ಪುರುಸೊತ್ತಿನ್ಯಾಗ ಆದದ್ದಕ್ಕ ಬೆಲಿ ಎಲ್ಲಿಂದ ಬರಬೇಕು?

ನರಸಾಪುರದ ಮ್ಯಾಲೆ ಬರದ ಪುಸ್ತಕದಾಗ ಇದ ಮಾತು ಸಿಕ್ಕಾಗ ನಾ ಓದಿಸೂದು ನಿಲ್ಲಿಸಿ ಸುಮ್ಮನ ಕುಂತೆ. ಮರಿಯಾ ಮೀಸ್ ಅನ್ನೂ ಜರ್ಮನಿಯ ಸಮಾಜಶಾಸ್ತ್ರದಾಕಿ 1970ರ ದಶಕದ ಕೊನಿಗೆ ಅಲ್ಲಿ ಬಂದು ಮನಿ ಮನಿ ತಿರುಗಿ ಕೇಳಿದ್ಲು, 1982ರಾಗ ಪುಸ್ತಕ ಬಂತು. ಆ ಸೀಮ್ಯಾಗ ಲಕ್ಷಕ್ಕೂ ಮಿಕ್ಕಿ ಹೆಣ್ಮಕ್ಕಳು ಕ್ರೋಶಾ ಹೆಣಿತಿದ್ರು. ಒಬ್ಬಾಕಿ ಹೂವು, ಒಬ್ಬಾಕಿ ಜೋಡಣಿ, ಐರ್ಲೆಂಡಿನ ಥರಾನ. ಮಾಲು ಪರದೇಶಕ್ಕ ಹೋಗ್ತಿತ್ತು, ವ್ಯಾಪಾರ ಗಂಡಸರ ಕೈಯಾಗ. ಮನಿ ಕೆಲಸದ ಮ್ಯಾಲೆ ದಿನಾ ಆರೇಳು ತಾಸು ಹೆಣದ್ರೂ ಹೆಣ್ಮಗಳ ಕೈಗೆ ದಿನಕ್ಕ ಒಂದು ರೂಪಾಯಿ ಸೈತ ಪೂರ್ತಿ ಬರತಿದ್ದಿಲ್ಲ. ಕಾರಣ? 'ಇವರು ಕೆಲಸದವರಲ್ಲ, ಮನ್ಯಾಗ ಕುಂತ ಗೃಹಿಣಿಯರು, ಬಿಡುವಿನ ಹೊತ್ತಿನ್ಯಾಗ ಮಾಡ್ತಾರ.' ಬಿಡುವು ಅನ್ನೂ ಒಂದು ಮಾತಿನ ಮ್ಯಾಲೆ ಒಂದು ದೊಡ್ಡ ವ್ಯಾಪಾರ ನಿಂತಿತ್ತು ನೋಡ್ರಿ. 2024ರಾಗ ನರಸಾಪುರದ ಕ್ರೋಶಾ ಲೇಸಿಗೆ ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಇದ್ದಂಥಾ ಜಿ.ಐ. ಗುರುತು ಸಿಕ್ಕೈತಿ. ಊರಿನ ಹೆಸರು ಉಳೀತು, ಛಲೋ ಆತು. ಹೆಣದಾಕಿಯ ಹೆಸರು ಯಾವ ತುಣುಕಿನ ಮ್ಯಾಲೂ ಇರೂದಿಲ್ಲ.

ಹಂಗಾದ್ರ ಅವ್ವನ ಪುರುಸೊತ್ತು ಎಷ್ಟಿತ್ತು? ಲೆಕ್ಕ ಹಾಕೂಣು ಅಂತ ಅರ್ಧಕ್ಕ ನಿಂತ ಟೇಬಲ್ ಹೊದಿಕಿ ಹಿಡಕೊಂಡೆ. ಅಡ್ಡಕ್ಕ 9, ಉದ್ದಕ್ಕ 11, ಒಟ್ಟು 99 ಹೂವಿನ ಲೆಕ್ಕ. ಅವ್ವ 63 ಮುಗಿಸಿದ್ಲು. ಉಳದ 36 ನಾ ಹೆಣದೆ. ಒಂದು ಹೂವಿಗೆ ನನಗ 25 ನಿಮಿಷ ಹತ್ತಿತು. 99 ಹೂವಿಗೆ 41 ತಾಸು ಮ್ಯಾಲೆ 15 ನಿಮಿಷ. ಜೋಡಿಸೂದು, ಅಂಚು ಕಟ್ಟೂದು ಸೇರಿ 46 ತಾಸು ಅನ್ನರಿ. ಎಂಟು ತಾಸಿಗೆ ಒಂದು ದಿನ ಹಿಡದ್ರ ಹತ್ರ ಹತ್ರ ಆರು ದಿನ. ನಮ್ಮ ರಾಜ್ಯದಾಗ ಉದ್ಯೋಗ ಖಾತ್ರಿಯ ಕೂಲಿ 2025-26ಕ್ಕ ದಿನಕ್ಕ 370 ರೂಪಾಯಿ. ಅಂದ್ರ ಮಣ್ಣು ಹೊತ್ತ ಲೆಕ್ಕದಾಗ ನೋಡಿದ್ರೂ 2,220 ರೂಪಾಯಿ, ದಾರದ ಖರ್ಚು ಬ್ಯಾರೆ. ಇದು ಟೇಬಲ್ ಹೊದಿಕಿ. ನಾ ಡಬರಿಗೆ ಕೊಟ್ಟದ್ದು ಇಬ್ಬರು ಮಲಗೂ ಹಾಸಿಗಿಯ ಹೊದಿಕಿ.

ಆ ತಾಸುಗಳು ಎಲ್ಲಿಂದ ಬಂದ್ವು ಅಂದ್ರ, ರೊಟ್ಟಿ ಬಡದು, ಎಮ್ಮಿ ಹಿಂಡಿ, ನಮ್ಮನ್ನೆಲ್ಲಾ ಸಾಲಿಗೆ ಕಳಿಸಿ, ಮಧ್ಯಾಹ್ನ ಮಂದಿ ಮಲಗಿದಾಗ. ಸರಕಾರ 2019ರಾಗ ದೇಶದ ಮಂದಿ ಹೊತ್ತು ಹೆಂಗ ಕಳೀತಾರ ಅಂತ ಸಮೀಕ್ಷೆ ಮಾಡಿತ್ತು. ಪಗಾರ ಇಲ್ಲದ ಮನಿಗೆಲಸಕ್ಕ ಅದನ್ನ ಮಾಡೂ ಹೆಂಗಸರು ದಿನಕ್ಕ 299 ನಿಮಿಷ, ಅದನ್ನ ಮಾಡೂ ಗಂಡಸರು 97 ನಿಮಿಷ ಕೊಡ್ತಾರ ಅಂತ ಬಂತು. ಇಷ್ಟರ ಮ್ಯಾಲೆ ಉಳದ ಹೊತ್ತಿಗೆ ಪುರುಸೊತ್ತು ಅಂತ ಹೆಸರು.

ಹಂಗಂತ ಎಲ್ಲಾ ರೊಕ್ಕದ ಲೆಕ್ಕಕ್ಕ ತಂದು, ಕುಬಸಕ್ಕ ಕೊಟ್ಟ ಟೊಪಗಿಗೂ ಬಿಲ್ ಬರೀರಿ ಅಂತ ನಾ ಹೇಳೂದಿಲ್ಲ. ಕೊಡೂ ಖುಷಿನ ಬ್ಯಾರೆ. ಆದ್ರ ಕೊಟ್ಟಾಕಿ ಎಷ್ಟು ಕೊಟ್ಲು ಅನ್ನೂದು ತಗೊಂಡಾಕಿಗೆ ಗೊತ್ತಿರಬೇಕು. ಮಾರಾಕ ಹೆಣಿಯಾಕಿ ಇದ್ರ ತಾಸಿನ ಲೆಕ್ಕ ಇಟ್ಟ ದರ ಹೇಳಬೇಕು, "ಬಿಡುವಿನ್ಯಾಗ ಮಾಡೀನ್ರಿ, ಏನರ ಕೊಡ್ರಿ" ಅನ್ನಬಾರದು.

ನಿಮ್ಮ ಮನ್ಯಾಗ ಹಳೇ ತುಣುಕು ಇದ್ರ ಉಗುರು ಬೆಚ್ಚಗಿನ ನೀರಿನ್ಯಾಗ ಸಾದಾ ಸಾಬೂನಿಲೆ ನೆನಸಿ, ಹಿಂಡದ, ಅರಿವಿ ಮ್ಯಾಲೆ ಹರವಿ ನೆರಳಾಗ ಒಣಗಸ್ರಿ. ತೂಗು ಹಾಕಿದ್ರ ಜಗ್ಗತಾವು. ಗಂಜಿ ಹಾಕಿ ಇಡಬ್ಯಾಡ್ರಿ, ಹುಳಕ್ಕ ಅದ ಊಟ. ಬಳಸೂ ಹೊತ್ತಿಗೆ ಹಾಕ್ರಿ. ಪ್ಲಾಸ್ಟಿಕ್ ಚೀಲ ಬ್ಯಾಡ, ಹಳೇ ಧೋತರದಾಗ ಮಡಿಕಿ ಬೀಳದಂಗ ಸುತ್ತಿಡ್ರಿ. ಇನ್ನೊಂದು, ಸಣ್ಣ ಅರಿವಿ ಚೂರಿನ ಮ್ಯಾಲೆ ಹೆಣದಾಕಿಯ ಹೆಸರು, ಊರು, ಗೊತ್ತಿದ್ರ ವರ್ಷ ಹೊಲದು ಹಿಂದ ಹಚ್ಚರಿ.

ನಾ ಟೇಬಲ್ ಹೊದಿಕಿಗೆ ಹಂಗ ಮಾಡೀನಿ. ಅವ್ವನ ಹೆಸರು, ಹಾನಗಲ್ಲ, 63 ಹೂವು. ಅದರ ಕೆಳಗ ನನ್ನ ಹೆಸರು, ಶಿಗ್ಗಾವಿ, 36 ಹೂವು. ನನ್ನ ಹೂವು ಸ್ವಲ್ಪ ಬಿಗಿ, ಅವ್ವನವು ಸಡ್ಲ. ಹತ್ರ ಹಿಡದು ನೋಡಿದ್ರ ಗೊತ್ತಾಗತೈತಿ. ಹೊಸ ಮನಿಯ ಪ್ರವೇಶಕ್ಕ ಅದನ್ನ ತಮ್ಮನ ಹೆಂಡ್ತಿಗೆ ಕೊಡಬೇಕಂತ ಮಾಡೀನಿ. ಫೋನಿನ್ಯಾಗ ಲೆಕ್ಕ ಎಲ್ಲಾ ಹೇಳಿದಾಗ ಆಕಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಕ್ಕಾರ, ಬರೂವಾಗ ಇನ್ನೊಂದು ಕಡ್ಡಿ ತರ್ರಿ, ನನಗೂ ಕಲಸ್ರಿ" ಅಂದ್ಲು. ಹುಬ್ಬಳ್ಳಿಗೆ ಹೋದವರ ಕೈಯಾಗ ಹೇಳಿ ಕಡ್ಡಿ ತರಿಸಿಟ್ಟೀನಿ.